ಎರಡು ಮಾನಿಟರ್ ಸಿಕ್ಕಿಸಿದ ಮಾತ್ರಕ್ಕೆ ಇಬ್ಬರು ಕೂರಲು ಆಗುವುದಿಲ್ಲ

ಪ್ರಶ್ನೆ: ಮನೆಯಲ್ಲಿರುವುದು ಒಂದೇ ಸಿಪಿಯು, ಅದರಲ್ಲಿ ಉಬುಂಟು ಲಿನಕ್ಸ್ ಇದೆ. ಇನ್ನೊಂದು ಮಾನಿಟರ್, ಕೀಬೋರ್ಡ್, ಮೌಸ್ ತಂದು ಸಿಕ್ಕಿಸಿದೆ. ಈಗ ಮಗ ಟೈಪ್ ಮಾಡಿದ್ದು ಮಗಳ ಫೈಲಿನಲ್ಲಿ ಬೀಳುತ್ತಿದೆ. ಇಬ್ಬರೂ ಒಟ್ಟಿಗೆ ಬೇರೆ ಬೇರೆ ಕೆಲಸ ಮಾಡುವುದು ಹೇಗೆ?

ಉತ್ತರ: ಈ ಪ್ರಶ್ನೆ ಪದೇ ಪದೇ ಬರುತ್ತದೆ, ಅದೂ ಮಾನಿಟರ್ ಕೊಂಡಾದ ಮೇಲೆ. ಮೊದಲೇ ಕೇಳಿದ್ದರೆ ಗ್ರಾಫಿಕ್ಸ್ ಕಾರ್ಡ್ ತನ್ನಿ ಅನ್ನುತ್ತಿದ್ದೆ. ಲಿನಕ್ಸ್ ಲೆಕ್ಕದಲ್ಲಿ ಒಬ್ಬರು ಕೂರುವ ಜಾಗಕ್ಕೆ 'ಸೀಟ್' ಎಂದು ಹೆಸರು. ಆ ಸೀಟಿಗೆ ಯಜಮಾನ ಗ್ರಾಫಿಕ್ಸ್ ಕಾರ್ಡ್. ಒಂದೇ ಕಾರ್ಡಿನ ಎರಡು ಪೋರ್ಟಿಗೆ ಎರಡು ಮಾನಿಟರ್ ಹಾಕಿದರೆ ಒಬ್ಬರ ಪರದೆ ಅಗಲವಾಗುತ್ತದೆ, ಅಷ್ಟೇ. ಬೋರ್ಡಿನಲ್ಲೇ ಇರುವ ಗ್ರಾಫಿಕ್ಸ್ ಒಬ್ಬರಿಗಾದರೆ, ಇನ್ನೊಬ್ಬರಿಗೆ ಸಾಧಾರಣ ಕಾರ್ಡ್ ಒಂದು ಸಾಕು. ಹೊಸ ಕಾರ್ಡ್ ಕೂರಿಸಿದ ಕೂಡಲೇ ಬೋರ್ಡಿನ ಗ್ರಾಫಿಕ್ಸ್ ಆಫ್ ಮಾಡುವ ಬಯಾಸ್‌ಗಳು (ಕಂಪ್ಯೂಟರ್ ಆನ್ ಆದೊಡನೆ ಮೊದಲು ಓಡುವ, ಬೋರ್ಡಿನದೇ ಪ್ರೋಗ್ರಾಮ್) ಬಹಳ, ಅದರ ಸೆಟ್ಟಿಂಗಿಗೆ ಹೋಗಿ ಆನ್ ಮಾಡಿ.

ಆಮೇಲೆ ಟರ್ಮಿನಲ್ ತೆರೆದು 'ಲಾಗಿನ್‌ಸಿಟಿಎಲ್' (loginctl) ಆಜ್ಞೆಯಲ್ಲಿ ಸೀಟ್-ಸ್ಟೇಟಸ್ (seat-status) ಕೇಳಿ. ಮರದ ಕೊಂಬೆಗಳಂತೆ ಉದ್ದದ ಪಟ್ಟಿ ಬರುತ್ತದೆ. ಯಾವ ಮೌಸ್ ಯಾವ ಸಾಲಿನಲ್ಲಿದೆ ಎಂದು ಊಹಿಸಬೇಡಿ. ಮೌಸ್ ಕಿತ್ತು ಪಟ್ಟಿ ನೋಡಿ, ಮತ್ತೆ ಸಿಕ್ಕಿಸಿ ನೋಡಿ. ಹೊಸದಾಗಿ ಕಂಡ ಸಾಲೇ ಅದು. ಮಗಳ ಕೀಬೋರ್ಡ್, ಮೌಸ್ ಎರಡನ್ನೂ ಒಂದು ಯುಎಸ್‌ಬಿ ಹಬ್‌ಗೆ ಹಾಕಿದರೆ ಹಬ್ ಒಂದನ್ನೇ ಒಪ್ಪಿಸಿದರಾಯಿತು. ಹೊಸ ಕಾರ್ಡನ್ನೂ ಹಬ್ಬನ್ನೂ ಅದೇ ಆಜ್ಞೆಯ 'ಅಟ್ಯಾಚ್' (attach) ಬಳಸಿ ಸೀಟ್1 (seat1) ಎಂಬ ಎರಡನೇ ಸೀಟಿಗೆ ಕೊಡಿ. ಎರಡನೇ ಪರದೆಯಲ್ಲಿ ಲಾಗಿನ್ ಪುಟ ಬರುತ್ತದೆ.

ಇದಕ್ಕೆ ಕೈಹಾಕುವ ಮುಂಚೆ ಇನ್ನೊಂದು ಕಂಪ್ಯೂಟರಿನಿಂದ ಎಸ್‌ಎಸ್‌ಎಚ್ (ದೂರದಿಂದಲೇ ಆಜ್ಞೆ ಕೊಡುವ ವ್ಯವಸ್ಥೆ) ಮೂಲಕ ಒಳಬರಲು ದಾರಿ ಮಾಡಿಟ್ಟುಕೊಳ್ಳಿ. ನಾನೊಮ್ಮೆ ಅವಸರದಲ್ಲಿ ನನ್ನದೇ ಕೀಬೋರ್ಡನ್ನು ಆಚೆಯ ಸೀಟಿಗೆ ಒಪ್ಪಿಸಿ, ಒಂದಕ್ಷರವೂ ಮೂಡದೆ ಕೂತಿದ್ದೆ. ಹೊರಗಿನಿಂದ ಬಂದು, ಒಪ್ಪಿಸಿದ್ದನ್ನೆಲ್ಲ ರದ್ದು ಮಾಡುವ 'ಫ್ಲಶ್-ಡಿವೈಸಸ್' (flush-devices) ಕೊಟ್ಟ ಮೇಲೆ ಎಲ್ಲ ಮೊದಲಿನಂತಾಯಿತು. ಅಂದಿನಿಂದ ಎಸ್‌ಎಸ್‌ಎಚ್ ಇಲ್ಲದೆ ಈ ಕೆಲಸ ಮುಟ್ಟುವುದಿಲ್ಲ.

ಮಕ್ಕಳಿಬ್ಬರಿಗೂ ಬೇರೆ ಬೇರೆ ಯೂಸರ್ ಮಾಡಿಕೊಡಿ. 'ಮನೆಯವರೇ ತಾನೆ' ಎಂದು ಒಂದೇ ಹೆಸರಿನಲ್ಲಿ ಎರಡು ಕಡೆ ಲಾಗಿನ್ ಆಗುವವರ ಮೇಲೆ ನನಗೆ ನಿಜವಾಗಿ ಸಿಟ್ಟು ಬರುತ್ತದೆ. ಹೋಮ್ ಫೋಲ್ಡರ್ ಒಂದೇ, ಸೆಟ್ಟಿಂಗ್ ಒಂದೇ. ಇತ್ತ ಫೈರ್‌ಫಾಕ್ಸ್ ಒತ್ತಿದರೆ 'ಆಗಲೇ ಓಡುತ್ತಿದೆ' ಅನ್ನುತ್ತದೆ, ಇಲ್ಲವೇ ಕಿಟಕಿ ಅತ್ತ ಪಕ್ಕದವರ ಪರದೆಯಲ್ಲಿ ತೆರೆದುಕೊಳ್ಳುತ್ತದೆ. ಒಬ್ಬರು ಬದಲಿಸಿದ ಸೆಟ್ಟಿಂಗನ್ನು ಇನ್ನೊಬ್ಬರು ಅಳಿಸುತ್ತಾರೆ.

ಪ್ರಶ್ನೆ: ವಿಂಡೋಸ್‌ನಲ್ಲಿ ಒಂದು ಡಿಎಲ್‌ಎಲ್ ಫೈಲ್ (ಸಿಸ್ಟಮ್ಮಿನ ಒಳಗಿನ ಕೋಡ್ ಫೈಲ್) ಬದಲಿಸಿದರೆ ಹಲವರು ಒಟ್ಟಿಗೆ ರಿಮೋಟ್ ಡೆಸ್ಕ್‌ಟಾಪ್ (ಬೇರೆ ಕಂಪ್ಯೂಟರಿನಿಂದ ಇದರ ಪರದೆ ತೆರೆಯುವುದು) ಬಳಸಬಹುದಂತೆ. ಆಂಟಿವೈರಸ್ ಆಫ್ ಮಾಡಿ ಅನ್ನುತ್ತಿದ್ದಾರೆ. ಮಾಡಲೇ?

ಉತ್ತರ: ಬೇಡ. ಆಂಟಿವೈರಸ್ ಆಫ್ ಮಾಡಿ ಅಂದವನ ವಿಡಿಯೊ ಅಲ್ಲಿಗೇ ಮುಚ್ಚಿ. ವಿಂಡೋಸ್ 10, 11ರ ಹೋಮ್ ಆವೃತ್ತಿಗೆ ಹೊರಗಿನಿಂದ ರಿಮೋಟ್ ಡೆಸ್ಕ್‌ಟಾಪಿನಲ್ಲಿ ಬರಲಾಗದು. ಪ್ರೊ ಆವೃತ್ತಿಯಲ್ಲಿ ಒಮ್ಮೆಗೆ ಒಬ್ಬರೇ. ಇದು ಲೈಸೆನ್ಸಿನ ಕಟ್ಟು. ಇವತ್ತು ಮುರಿದರೂ ಮುಂದಿನ ಅಪ್‌ಡೇಟ್ ಬಂದಾಗ ಕೆಲಸ ನಿಲ್ಲುತ್ತದೆ, ಎಲ್ಲಿಂದಲೋ ಇಳಿಸಿದ ಫೈಲ್ ಮಾತ್ರ ಸಿಸ್ಟಮ್ ಒಳಗೇ ಉಳಿಯುತ್ತದೆ. ಹಲವರು ಬೇಕಿದ್ದರೆ ವಿಂಡೋಸ್ ಸರ್ವರಿಗೆ ದುಡ್ಡು ಕೊಡಿ, ಆಗದಿದ್ದರೆ ಲಿನಕ್ಸ್‌ನಲ್ಲಿ ಇದೇ ಕೆಲಸ ಮಾಡುವ ಎಕ್ಸ್‌ಆರ್‌ಡಿಪಿ ಹಾಕಿ. ರಿಮೋಟ್ ಡೆಸ್ಕ್‌ಟಾಪ್ ಬಳಸುವ ನೆಟ್‌ವರ್ಕ್ ಬಾಗಿಲಾದ 3389ನೇ ಪೋರ್ಟನ್ನು ಇಂಟರ್ನೆಟ್‌ಗೆ ತೆರೆದಿಡಬೇಡಿ, ವಿಪಿಎನ್ (ನಿಮ್ಮವರಿಗಷ್ಟೇ ತೆರೆಯುವ ಖಾಸಗಿ ಜಾಲ) ಒಳಗಿರಲಿ.

ಪ್ರಶ್ನೆ: 'ಸ್ವಿಚ್ ಯೂಸರ್' ಒತ್ತಿದರೆ ನನ್ನ ಪ್ರೋಗ್ರಾಮ್‌ಗಳು ಮುಚ್ಚಿಹೋಗುತ್ತವೆಯೇ?

ಉತ್ತರ: ಇಲ್ಲ, ಹಿಂದೆ ಓಡುತ್ತಲೇ ಇರುತ್ತವೆ, ರ್‍ಯಾಮ್ ತಿನ್ನುತ್ತಲೂ ಇರುತ್ತವೆ. ಕೆಲಸ ಸೇವ್ ಮಾಡಿಯೇ ಏಳಿ.

ಪ್ರಶ್ನೆ: ಕಂಟ್ರೋಲ್, ಆಲ್ಟ್, ಎಫ್3 ಒಟ್ಟಿಗೆ ಒತ್ತಿದೆ, ಪರದೆ ಕಪ್ಪಾಗಿ ಲಾಗಿನ್ ಕೇಳುತ್ತಿದೆ. ಅಂಗಡಿಯವರು ಫಾರ್ಮ್ಯಾಟ್ ಮಾಡಬೇಕು ಅಂದರು.

ಉತ್ತರ: ಸಿಪಿಯು ಅಂಗಡಿಯಿಂದ ವಾಪಸ್ ತನ್ನಿ. ಏನೂ ಕೆಟ್ಟಿಲ್ಲ, ಅದು ಲಿನಕ್ಸ್‌ನ ಬರೀ ಅಕ್ಷರಗಳ ಪರದೆ. ಕಂಟ್ರೋಲ್, ಆಲ್ಟ್ ಜೊತೆ ಎಫ್2 ಒತ್ತಿ, ಹಳೆಯ ಲಿನಕ್ಸ್ ಆದರೆ ಎಫ್7.