ನೇತ್ರಾಣಿ ಪಕ್ಕದ ಕಡಲತಳದಲ್ಲಿ ಕಾಣುವ ಮರಳಿನ ಸಾಲುಗಳು ದಿಬ್ಬಗಳೇ? ಅವು ಮುಂದಕ್ಕೆ ಸರಿಯುತ್ತವೆಯೇ?

ನೀವು ಕೇಳಿದ್ದು ಎರಡು ಪ್ರಶ್ನೆ. ಡಿಸೆಂಬರಿನಲ್ಲಿ ಮುರುಡೇಶ್ವರದ ಎದುರಿನ ನೇತ್ರಾಣಿ ದ್ವೀಪದಲ್ಲಿ ಡೈವ್ ಮಾಡಿದಾಗ ಬಂಡೆಗಳ ಬುಡದಲ್ಲಿ ಸುಮಾರು ಮೀಟರಿಗೊಂದರಂತೆ ಎದ್ದಿದ್ದ ಮರಳಿನ ಸಾಲುಗಳು ಮರುಭೂಮಿಯ ದಿಬ್ಬಗಳ ಹಾಗೆ ನಡೆಯುತ್ತವೆಯೇ ಅನ್ನುವುದು ಒಂದು. ಸುತ್ತಲಿನ ಕಡಲಲ್ಲೆಲ್ಲ ತಳದಲ್ಲಿ ಎಳೆಯುವ ಟ್ರಾಲ್ ಬಲೆಗೆ ಕೆಸರೇ ಹತ್ತುವಾಗ ಅಲ್ಲಿ ಮಾತ್ರ ಅಷ್ಟು ದಪ್ಪ ಹೊಯಿಗೆ ಎಲ್ಲಿಂದ ಬಂತು ಅನ್ನುವುದು ಇನ್ನೊಂದು. ನಾನು ಕಾರವಾರದವನು, ಕೆಲ ಕಾಲ ಸರ್ವೆ ಬೋಟಿನಲ್ಲಿ ತಳದ ಮಣ್ಣಿನ ಮಾದರಿ ಎತ್ತುವ ಕೆಲಸದಲ್ಲಿದ್ದೆ. ಎರಡನೆಯದನ್ನು ಮೊದಲು ಹೇಳುತ್ತೇನೆ. ಅದು ಗೊತ್ತಾದರೆ ಮೊದಲನೆಯದು ಸಲೀಸು.

ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ ಮಳೆಗಾಲದಲ್ಲಿ ಕೆಂಪಗೆ ಹರಿದು ಬಂದಾಗ ತರುವ ಮರಳು ಬಹುಪಾಲು ಅಳಿವೆಯಲ್ಲೂ (ಹೊಳೆ ಕಡಲು ಸೇರುವ ಬಾಯಿ) ದಂಡೆಯಲ್ಲೂ ನಿಂತುಬಿಡುತ್ತದೆ. ಹಗುರವಾದ ಹೂಳು ಮುಂದೆ ಹೋಗಿ ಇಳಿಯುತ್ತದೆ. ಹಾಗಾಗಿ ನಮ್ಮ ಕರಾವಳಿಯ ಎದುರು ಸುಮಾರು 50 ಮೀಟರ್ ಆಳದವರೆಗೂ ಹೆಚ್ಚಾಗಿ ಕೆಸರೇ. ಇನ್ನೂ ಆಚೆ ಹೋದರೆ ಮತ್ತೆ ಮರಳು ಸಿಗುತ್ತದೆ, ಆದರೆ ಅದು ಈಗಿನ ಹೊಳೆಗಳು ತಂದದ್ದಲ್ಲ, ಕಡಲು ತಗ್ಗಿದ್ದ ಕಾಲದ ಹಳೇ ದಾಸ್ತಾನು. ಸುಮಾರು 20,000 ವರ್ಷಗಳ ಹಿಂದೆ ಸಮುದ್ರಮಟ್ಟ ಈಗಿಗಿಂತ 120 ಮೀಟರಿನಷ್ಟು ಕೆಳಗಿತ್ತು. ನೇತ್ರಾಣಿ, ದೇವಗಡ, ಕೂರ್ಮಗಡ ಎಲ್ಲವೂ ಆಗ ಒಣನೆಲದ ಗುಡ್ಡಗಳು.

ದ್ವೀಪದ ಬುಡದ ಲೆಕ್ಕ ಬೇರೆ. ಅಲೆ ಬಂದು ಬಂಡೆಗೆ ಬಡಿಯುತ್ತದೆ, ಹರಿವು ದ್ವೀಪದ ಎರಡೂ ಮಗ್ಗುಲಲ್ಲಿ ಇಕ್ಕಟ್ಟಾಗಿ ಜೋರಾಗುತ್ತದೆ. ಕೆಸರಿಗೆ ಅಲ್ಲಿ ಕೂರಲು ಬಿಡುವೇ ಇಲ್ಲ. ಮೊರದಲ್ಲಿ ಕೇರಿದಾಗ ಹೊಟ್ಟು ಹಾರಿ ಕಾಳು ಉಳಿಯುವ ಹಾಗೆ ದಪ್ಪದ್ದಷ್ಟೇ ಉಳಿಯುತ್ತದೆ. ಆ ದಪ್ಪದ್ದನ್ನೂ ಹೊರಗಿನಿಂದ ಯಾರೂ ತರಬೇಕಿಲ್ಲ. ಬಂಡೆಗೆ ಅಂಟಿದ ಬಾರ್ನಕಲ್ (ಗಟ್ಟಿ ಕವಚದ ಪುಟ್ಟ ಕಡಲಜೀವಿ), ಚಿಪ್ಪು, ಹವಳ ಸತ್ತು ಒಡೆದು ಅಲ್ಲೇ ಉದುರುತ್ತವೆ. ಹವಳ ಕೆರೆದು ತಿನ್ನುವ ಗಿಣಿಮೀನುಗಳು ಅದನ್ನು ಅರೆದು ಮರಳಾಗಿಯೇ ಹೊರಹಾಕುತ್ತವೆ.

ಇಂಥ ಜಾಗದಲ್ಲಿ ಗ್ರ್ಯಾಬ್ (ತಳದ ಮಣ್ಣನ್ನು ಕಚ್ಚಿ ತರುವ ದವಡೆಯಂಥ ಸಲಕರಣೆ) ಇಳಿಸಿ ಮಾದರಿ ಎತ್ತುವುದು ತಲೆನೋವಿನ ಕೆಲಸ. ಕೆಸರಿನಲ್ಲಾದರೆ ಎರಡು ದವಡೆ ಗಪ್ಪನೆ ಮುಚ್ಚಿ ತುಂಬಿಕೊಂಡು ಬರುತ್ತದೆ. ಇಲ್ಲಿ ದವಡೆಯ ನಡುವೆ ಒಂದು ಚಿಪ್ಪಿನ ಚೂರು ಸಿಕ್ಕಿಕೊಂಡರೆ ಸಾಕು, ಮೇಲೆ ಬರುವಷ್ಟರಲ್ಲಿ ನೀರಿನ ಜೊತೆ ಅರ್ಧ ಮರಳು ಸೋರಿಹೋಗಿರುತ್ತದೆ, ಮತ್ತೆ ಇಳಿಸಬೇಕು. ಸಿಕ್ಕಿದ್ದನ್ನು ತೊಳೆದು ಒಣಗಿಸಿ ಜರಡಿಗೆ ಹಾಕಿದರೆ ಅರ್ಧ ಮಿಲಿಮೀಟರಿನಿಂದ ಎರಡು ಮಿಲಿಮೀಟರಿನವರೆಗಿನ ಕಾಳೇ ಜಾಸ್ತಿ. ಎರಡು ಮಿಲಿಮೀಟರ್ ದಾಟಿದರೆ ಅದನ್ನು ಮರಳು ಅನ್ನುವುದಿಲ್ಲ, ಜಲ್ಲಿಯ ಲೆಕ್ಕಕ್ಕೆ ಸೇರಿಸುತ್ತಾರೆ. ಭೂತಗನ್ನಡಿ ಹಿಡಿದರೆ ಗುಲಾಬಿ ಬಣ್ಣದ ಬಾರ್ನಕಲ್ ತುಂಡು, ಉದ್ದಕ್ಕೆ ಗೀರಿರುವ ಸೀ ಅರ್ಚಿನ್ ಅನ್ನುವ ಮುಳ್ಳುಮೈಯ ಕಡಲಜೀವಿಯ ಮುಳ್ಳು ಕಾಣುತ್ತವೆ. ನೀರು ಬೆರೆಸಿದ ಹೈಡ್ರೋಕ್ಲೋರಿಕ್ ಆಮ್ಲ ಒಂದು ತೊಟ್ಟು ಬಿಟ್ಟರೆ ಬುಸ್ಸೆಂದು ನೊರೆ ಬರುತ್ತದೆ, ಅದು ಸುಣ್ಣದ ಅಂಶ. ಹೊಳೆಯ ಬೆಣಚು ಮರಳಿಗೆ ಹಾಗಾಗುವುದಿಲ್ಲ.

ಈಗ ಸಾಲುಗಳ ವಿಷಯ. ಎರಡು ಏಣುಗಳ (ಸಾಲಿನ ಎತ್ತರದ ಅಂಚುಗಳ) ನಡುವಿನ ಅಂತರ 60 ಸೆಂಟಿಮೀಟರ್ ದಾಟಿದರೆ ಅದು ದಿಬ್ಬ, ಒಳಗಿದ್ದರೆ ಸುಕ್ಕು ಅನ್ನುವುದು 1990ರಿಂದ ಬಳಕೆಯಲ್ಲಿರುವ ವರ್ಗೀಕರಣ. ಆ ಅಳತೆಗೋಲು ಹಿಡಿದರೆ ನೀವು ಕಂಡದ್ದು ಸಣ್ಣ ದಿಬ್ಬ. ನಾನು ಒಪ್ಪುವುದಿಲ್ಲ. ಆ ವರ್ಗೀಕರಣ ಒಂದೇ ಕಡೆಗೆ ಹರಿಯುವ ನೀರು ಕಟ್ಟಿದ ರಚನೆಗಳದ್ದು. ಹಿಂದೆ ಮುಂದೆ ತೂಗುವ ಅಲೆ ಕಟ್ಟಿದ ಸುಕ್ಕುಗಳು ದಪ್ಪ ಮರಳಿನಲ್ಲಿ ಸಲೀಸಾಗಿ ಒಂದು ಮೀಟರ್ ದಾಟುತ್ತವೆ. ಲೆಕ್ಕ ಹಾಕಿ ನೋಡಿ: ಮಳೆಗಾಲದಲ್ಲಿ 3 ಮೀಟರ್ ಎತ್ತರದ, 10 ಸೆಕೆಂಡಿಗೊಮ್ಮೆ ಬರುವ ಅಲೆ, ಆಳ 25 ಮೀಟರ್. ತಳದ ನೀರು ಪ್ರತಿ ಅಲೆಗೂ ಸುಮಾರು 2 ಮೀಟರ್ ಆಚೆ ಹೋಗಿ ವಾಪಸು ಬರುತ್ತದೆ. ಒಂದು ಮಿಲಿಮೀಟರಿನಂಥ ದಪ್ಪ ಕಾಳಿದ್ದಲ್ಲಿ ಸುಕ್ಕುಗಳ ಅಂತರ ಆ ಓಡಾಟದ ಮೂರನೇ ಎರಡು ಪಾಲಿನ ಹತ್ತಿರ ಇರುತ್ತದೆ, ಅಂದರೆ 1.3 ಮೀಟರ್. ನೀವು ಹೇಳಿದ ಅಳತೆಗೆ ಹತ್ತಿರವೇ ಬಂತು.

ಡಿಸೆಂಬರಿನ ಪುಟ್ಟ ಅಲೆಗಳಿಗೆ ಆ ಆಳದಲ್ಲಿ ದಪ್ಪ ಕಾಳನ್ನು ಅಲುಗಿಸುವ ತಾಕತ್ತಿಲ್ಲ. ಹಾಗಾಗಿ ನೀವು ನೋಡಿದ್ದು ಬಹುಶಃ ಹಿಂದಿನ ಮಳೆಗಾಲ ಬಿಟ್ಟುಹೋದ ಸಾಲುಗಳು. ನಡುವೆ ಚಂಡಮಾರುತವೇನಾದರೂ ಹಾದುಹೋಗಿದ್ದರೆ ಅದು ತಿದ್ದಿ ಬರೆದಿರಬಹುದು. ಅಲ್ಲಿಂದಾಚೆಗೆ ಏಡಿ, ಹುಳ, ಮೀನು ಕೆದಕಿ ಕೆದಕಿ ಅದರ ಏಣು ಮೊಂಡಾಗಿರುತ್ತದೆ, ಅಷ್ಟೇ. ಅಂದರೆ ನಿಮ್ಮ ಎದುರು ಅವು ನಡೆಯುತ್ತಿರಲಿಲ್ಲ.

ನಿಜವಾದ ದಿಬ್ಬಗಳು ನಡೆಯುತ್ತವೆ. ಹರಿವಿಗೆ ಮುಖ ಮಾಡಿದ ನಿಧಾನ ಏರಿನಲ್ಲಿ ಮರಳು ಮೇಲೆ ಉರುಳಿ ಆಚೆಯ ಕಡಿದಾದ ಇಳಿಜಾರಿನಲ್ಲಿ ಜಾರುತ್ತದೆ. ಹೀಗೆ ದಿಬ್ಬ ಇಡಿಯಾಗಿ ಮುಂದೆ ಸರಿಯುತ್ತದೆ. ಅದಕ್ಕೆ ಸೆಕೆಂಡಿಗೆ ಅರ್ಧ ಮೀಟರಿಗೂ ಮೀರಿದ ಹರಿವು ಮತ್ತೆ ಮತ್ತೆ ಬೇಕು. ಸ್ಯಾನ್ ಫ್ರಾನ್ಸಿಸ್ಕೊದ ಗೋಲ್ಡನ್ ಗೇಟ್ ಬಾಯಲ್ಲಿ 10 ಮೀಟರ್ ಎತ್ತರದ, 200 ಮೀಟರಿಗೂ ಮೀರಿ ಅಂತರವಿರುವ ದಿಬ್ಬಗಳು ಶಬ್ದದ ಅಲೆ ಬಿಟ್ಟು ತಳದ ನಕ್ಷೆ ತೆಗೆಯುವ ಮಲ್ಟಿಬೀಮ್ ಸೋನಾರಿನಲ್ಲಿ ಕಂಡಿವೆ. ನಮ್ಮಲ್ಲಿ ಉಬ್ಬರ ಇಳಿತದ ಅಂತರವೇ ಎರಡು ಮೀಟರಿನ ಆಸುಪಾಸು, ಬಯಲು ಕಡಲಲ್ಲಿ ಅಂಥ ಸೆಳೆತ ಅಪರೂಪ. ಗುಜರಾತಿನ ಭಾವನಗರದ ಕಡೆ ಆ ಅಂತರ 10 ಮೀಟರ್ ದಾಟುತ್ತದೆ, ಖಂಭಾತ್ ಕೊಲ್ಲಿಯ ಕಥೆಯೇ ಬೇರೆ. ನಮ್ಮ ಜಿಲ್ಲೆಯಲ್ಲಿ ಹುಡುಕುವುದಾದರೆ ನಾನು ದ್ವೀಪಕ್ಕಿಂತ ಮೊದಲು ಅಳಿವೆಗಳ ಇಕ್ಕಟ್ಟಿನಲ್ಲಿ, ಇಳಿತದ ನೀರು ಸೆಳೆಯುವಲ್ಲಿ ಹುಡುಕುತ್ತೇನೆ.

ಮುಂದಿನ ಸಲ ಇಳಿದಾಗ ಫಿನ್ ಅನ್ನು ಸಾಲಿಗೆ ಅಡ್ಡಲಾಗಿ ಇಟ್ಟು ಪಕ್ಕದಿಂದ ಒಂದು ಫೋಟೊ ತೆಗೆಯಿರಿ, ಮೇಲಿನಿಂದ ತೆಗೆದರೆ ಏನೂ ತಿಳಿಯುವುದಿಲ್ಲ. ಎರಡೂ ಮಗ್ಗುಲು ಒಂದೇ ಓರೆ ಇದ್ದರೆ ಅಲೆಯ ಕೆಲಸ. ಒಂದು ಕಡೆ ಮಾತ್ರ ಕಡಿದಾಗಿದ್ದರೆ ನನ್ನ ಉತ್ತರ ಬದಲಾಗುತ್ತದೆ, ಫೋಟೊ ಇಲ್ಲೇ ಹಾಕಿ. ಹಾಗೆಯೇ ಬೋಟಿನವರಿಗೆ ಲಂಗರನ್ನು ಹವಳದ ಮೇಲೆ ಬಿಡಬೇಡಿ ಅಂತ ಹೇಳಿ.