ಅಪ್ಪನ ಪ್ಯಾಂಟಿನ ಅಳತೆ

ಹಾವೇರಿ ಕಡೆಯ ಓದುಗಿಯೊಬ್ಬರ ಪತ್ರ ಬಂದಿದೆ. "ಅಪ್ಪ 22 ವರ್ಷದಿಂದ ಬಸ್ ಡ್ರೈವರ್. ಕೆಲಸಕ್ಕೆ ಸೇರುವಾಗ ಕಡ್ಡಿ ಹಾಗೆ ಇದ್ದರಂತೆ. ಈಗ ಹೊಟ್ಟೆ ಸ್ಟೇರಿಂಗ್‌ಗೆ ತಾಗುತ್ತದೆ. ಡಾಕ್ಟರು ಬಾಯಿ ಕಟ್ಟಿ ಅಂತಾರೆ. ಅವರು ತಿನ್ನೋದೇ ಎರಡು ರೊಟ್ಟಿ. ತಪ್ಪು ಯಾರದು?"

ತಂಗೀ, ಅರ್ಧ ತಪ್ಪು ಆ ಸೀಟಿನದ್ದು. ಲಂಡನ್ನಿನಲ್ಲಿ ಜೆರ್ರಿ ಮಾರಿಸ್ ಅಂತ ಒಬ್ಬ ವೈದ್ಯರಿದ್ದರು. ಅಲ್ಲಿನ ಡಬಲ್ ಡೆಕ್ಕರ್ ಬಸ್ಸಿನ ಡ್ರೈವರ್ ಮತ್ತು ಕಂಡಕ್ಟರ್‌ಗಳನ್ನು ಹೋಲಿಸಿ 1953ರಲ್ಲಿ ಒಂದು ವರದಿ ಪ್ರಕಟಿಸಿದರು. ಒಂದೇ ಬಸ್ಸು, ಒಂದೇ ಊರು. ಡ್ರೈವರ್ ಕೂತೇ ಇರುತ್ತಿದ್ದ. ಕಂಡಕ್ಟರ್ ದಿನಕ್ಕೆ 500ರಿಂದ 750 ಮೆಟ್ಟಿಲು ಹತ್ತುತ್ತಿದ್ದ. ಕಂಡಕ್ಟರ್‌ಗಳಿಗೆ ಹೃದಯಾಘಾತ ಕಡಿಮೆ, ಬಂದರೂ ಬದುಕಿ ಉಳಿಯುವವರು ಜಾಸ್ತಿ ಎಂದು ಗೊತ್ತಾಯಿತು.

ನನಗೆ ಇಷ್ಟವಾಗಿದ್ದು ಅವರು ಮುಂದೆ ಮಾಡಿದ ಕೆಲಸ. ಸಂಸ್ಥೆಯವರು ಕೊಡುತ್ತಿದ್ದ ಸಮವಸ್ತ್ರದ ಲೆಕ್ಕ ತರಿಸಿಕೊಂಡು, ಪ್ಯಾಂಟಿನ ಸೊಂಟದ ಅಳತೆ ನೋಡಿದರು. ಯಾವ ವಯಸ್ಸಿನವರನ್ನು ತೆಗೆದುಕೊಂಡರೂ ಡ್ರೈವರ್ ಪ್ಯಾಂಟೇ ಅಗಲ! ಆದರೆ ಸೊಂಟ ಒಂದೇ ಅಳತೆ ಇದ್ದವರಲ್ಲೂ ಕಂಡಕ್ಟರ್‌ಗೇ ಅಪಾಯ ಕಡಿಮೆ ಇತ್ತು. ಡ್ರೈವರ್‌ಗಳು ಕೆಲಸಕ್ಕೆ ಸೇರುವಾಗಲೇ ಸ್ವಲ್ಪ ದಪ್ಪ ಇದ್ದರು ಎಂದು ಆಮೇಲೆ ಬೇರೆಯವರು ತಕರಾರು ತೆಗೆದರು, ಅದೂ ನಿಜವೇ. ಆದರೂ ತೂಕದ ಯಂತ್ರ ಒಂದನ್ನೇ ನಂಬಿ ಕೂರಬಾರದು ಅಲ್ವಾ?

ನಮ್ಮಲ್ಲಿ ಈಗ ಎಷ್ಟೋ ಕಡೆ ಡ್ರೈವರೇ ಕಂಡಕ್ಟರ್ ಕೂಡ. ಟಿಕೆಟ್ ಹರಿಯುವುದೂ ಅದೇ ಸೀಟಿನಿಂದ. ಓಡಾಡುತ್ತಿದ್ದ ಆ ಒಬ್ಬನೂ ಹೋದ. ಇಂಥ ಡ್ಯೂಟಿ ಮಾಡಿ, ನೈಟ್ ಹಾಲ್ಟ್‌ನಲ್ಲಿ ಅರೆನಿದ್ದೆ ಮಾಡಿ ಬಂದವರಿಗೆ 'ಬೆಳಿಗ್ಗೆ ಒಂದು ಗಂಟೆ ವಾಕಿಂಗ್ ಮಾಡಿ' ಅನ್ನೋದು ಸುಮ್ನೆ ಬಾಯಿಮಾತು.

ಬಾಯಿಯ ಪಾಲೂ ಇದೆ, ಆದರೆ ಅದು ರೊಟ್ಟಿಯಲ್ಲಿ ಇಲ್ಲ. ಟೀ ಎಷ್ಟು ಕುಡಿಯುತ್ತಾರೆ, ಎಣಿಸಿ ನೋಡಿ. ದಿನಕ್ಕೆ ಆರು ಟೀ, ಒಂದಕ್ಕೆ ಎರಡು ಚಮಚ ಸಕ್ಕರೆ ಅಂದರೆ ಹನ್ನೆರಡು ಚಮಚ ಆಯಿತು. ಜೊತೆಗೆ ಸ್ಟ್ಯಾಂಡಿನ ಮಿರ್ಚಿ. ಸಕ್ಕರೆ ಅರ್ಧ ಮಾಡಲಿ. ಪ್ರತಿ ಟ್ರಿಪ್ ಮುಗಿದಾಗ ಸೀಟಿನಿಂದ ಇಳಿದು, ಟೈರ್ ನೋಡುವ ನೆಪದಲ್ಲಾದರೂ ಬಸ್ಸಿಗೆ ಐದು ಸುತ್ತು ಹಾಕಲಿ. ಟೈಮ್ ಕೀಪರ್ ಏನೂ ಅನ್ನೋದಿಲ್ಲ.

ಮನೆಯಲ್ಲಿ ಟೇಲರ್ ಟೇಪ್ ಇದ್ದರೆ ಹೊಟ್ಟೆಯ ಸುತ್ತಳತೆ ತೆಗೆಯಿರಿ. ನಮ್ಮ ಗಂಡಸರಿಗೆ 90 ಸೆಂಟಿಮೀಟರ್ ದಾಟಿದರೆ ಸಕ್ಕರೆ, ಬಿಪಿ ಎರಡನ್ನೂ ಪರೀಕ್ಷೆ ಮಾಡಿಸಬೇಕು. ಇನ್ನೊಂದು ಮಾತು ನಿಮ್ಮ ಅಮ್ಮನನ್ನು ಕೇಳಿ: ಅಪ್ಪ ಜೋರಾಗಿ ಗೊರಕೆ ಹೊಡೆಯುತ್ತಾರಾ, ನಡುವೆ ಉಸಿರು ಕಟ್ಟಿದಂತೆ ನಿಲ್ಲುತ್ತದಾ? ಹೌದಾದರೆ ಮೊದಲು ಅದನ್ನೇ ಡಾಕ್ಟರಿಗೆ ಹೇಳಿ. ಅಂಥವರಿಗೆ ಹಗಲು ಸ್ಟೇರಿಂಗ್ ಹಿಡಿದಾಗಲೂ ಕಣ್ಣು ಎಳೆಯುತ್ತದೆ. ಅದಕ್ಕೆ ಚಿಕಿತ್ಸೆ ಇದೆ.