ಪ್ರತಿಕ್ರಿಯೆ: ‘ದಿ ರೌಂಡಪ್’ಗೂ ಮುಂಚೆ ಮೊದಲ ಭಾಗ ನೋಡಬೇಕಾ?

ಕೊರಿಯನ್ ಸಿನಿಮಾ ‘ದಿ ರೌಂಡಪ್’ (2022) ನೋಡುವ ಮುಂಚೆ ಅದರ ಮೊದಲ ಭಾಗ ‘ದಿ ಔಟ್‌ಲಾಸ್’ (2017) ನೋಡಲೇಬೇಕಾ ಅಂತ ಕೇಳಿದ್ದೀರಿ. ನೋಡದಿದ್ದರೂ ಕಥೆ ಅರ್ಥವಾಗುತ್ತದೆ. ಎರಡರಲ್ಲೂ ಪೊಲೀಸ್ ಅದೇ ಮಾ ಸೊಕ್‌ಡೊ, ಕೇಸ್ ಮತ್ತು ವಿಲನ್ ಬೇರೆ. ಆದರೂ ನನ್ನ ಮಾತು ಕೇಳಿ, ಮೊದಲನೆಯದರಿಂದಲೇ ಶುರು ಮಾಡಿ. ಅದು 2004ರ ಸೋಲ್ ನಗರದ ಗರಿಬೊಂಗ್ ಬೀದಿಗಳ ಕಥೆ. ಶುರುವಿನಲ್ಲೇ ಸೊಕ್‌ಡೊ ಫೋನಿನಲ್ಲಿ ಮಾತಾಡುತ್ತಲೇ ಚಾಕು ಹಿಡಿದವನನ್ನು ಸುಮ್ನೆ ತಡೆಯುತ್ತಾನೆ. ಆ ಒಂದು ದೃಶ್ಯ ಸಾಕು, ಆಳು ಎಂಥವನು ಅಂತ ಗೊತ್ತಾಗುತ್ತದೆ ಅಲ್ವಾ! ಆ ಪಾತ್ರ ಮಾಡಿರುವ ನಟ ಮಾ ಡಾಂಗ್ ಸೊಕ್ ಕೈಯ ತೂಕ ಪರದೆಯಾಚೆಗೂ ತಾಗುತ್ತದೆ. ಎರಡನೆಯದು ವಿಯೆಟ್ನಾಂಗೆ ಹೋಗುತ್ತದೆ, ತಮಾಷೆ ಜಾಸ್ತಿ. ಬಸ್ಸಿನೊಳಗಿನ ಕೊನೆಯ ಹೊಡೆದಾಟವನ್ನಂತೂ ದೊಡ್ಡ ಪರದೆಯಲ್ಲೇ ನೋಡಿ. ಚಾಕುವಿನ ದೃಶ್ಯಗಳು ಎರಡರಲ್ಲೂ ಕ್ರೂರವಾಗಿವೆ, ಮಕ್ಕಳ ಜೊತೆ ಬೇಡ.